ಎರಿ ಹೊಲದಾಗ ಲಾಕ್ ಮೋಡ್, ಕಣಕುಂಬಿಯಾಗ ಬರೇ ವೈಪರ್

ನಮ್ಮ ಗಾಡಿ ರೆನೋ ಕಂಪನಿಯ ಡಸ್ಟರ್ ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್), ಡೀಸೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಿಜಾಪುರದಾಗ ಯಾರಿಗೆ ತೋರ್ಸಿದ್ರೂ ಒಂದ ಮಾತು, "ಅಲ್ರೀ, ಇಲ್ಲಿ ಗುಡ್ಡ ಎಲ್ಲೈತಿ, ಘಟ್ಟ ಎಲ್ಲೈತಿ, ನಾಕೂ ಗಾಲಿಗೆ ಪವರ್ ಹೋಗೋ ಗಾಡಿ ತಗೊಂಡು ಗೋಳಗುಮ್ಮಟ ಹತ್ತಸಾವ್ರೇನು?" ಅಂತ. ನಗೂಲಿ ಬಿಡ್ರಿ. ಆದ್ರ ಈ ಸಲ ಉತ್ತರಿ ಮಳಿ ಹಿಡದಾಗ ಒಂದ ಟ್ರಿಪ್‌ನಾಗ ಎರಡೂ ಥರದ ನೆಲ ನೋಡಿದ್ವಿ, ಮೊದ್ಲ ಸಾರವಾಡ ಕಡೆ ಅಕ್ಕನ ಎರಿ ಹೊಲ, ಆಮ್ಯಾಲ ಮುಧೋಳ, ಲೋಕಾಪುರ, ಯರಗಟ್ಟಿ ಮ್ಯಾಲ ಬೆಳಗಾವಿ, ಅಲ್ಲಿಂದ ಜಾಂಬೋಟಿ, ಕಣಕುಂಬಿ. ಗಾಡ್ಯಾಗ ನಾನು, ನಮ್ಮಾಕಿ, ಮತ್ತ ರಾಮದುರ್ಗ ಕಡೆಯ ಒಬ್ಬ ದೋಸ್ತ. ಅಂವ ಯಾಕ ಬಂದ ಅನ್ನೋದು ಮುಂದ ಹೇಳ್ತೀನಿ.

ಗಾಡಿ ಬಗ್ಗೆ ಗೊತ್ತಿಲ್ಲದವ್ರಿಗೆ ನಾಕು ಮಾತು. ಡಸ್ಟರಿನ ಈ ಎಡಬ್ಲ್ಯೂಡಿ ಮಾಡೆಲ್ ಇಂಡಿಯಾಕ್ಕ ಬಂದಿದ್ದು 2014ರಾಗ, 1461 ಸಿಸಿ ಡೀಸೆಲ್, 110 ಪಿಎಸ್, ಆರು ಗೇರಿನ ಮ್ಯಾನ್ಯುಯಲ್. 2020ರಾಗ ಬಿಎಸ್6 ಅನ್ನೋ ಹೊಗಿ ನಿಯಮ ಬಂತು, ಡಸ್ಟರಿನ ಡೀಸೆಲ್ ನಿಂತ್ತು, ಅದರ ಜೋಡಿ ಇದೂ ಹೋತು. ಈಗ ಇದ ಸೈಜಿನಾಗ ಹೊಸಾದು ಬೇಕಂದ್ರ 2022ರಾಗ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್ ಅದಾವ, ಅವ್ರಾಗ ಎಡಬ್ಲ್ಯೂಡಿ ಬರೋದು ಪೆಟ್ರೋಲ್ ಇಂಜಿನ್ನಿಗೆ. ಗೇರ್ ಲಿವರ್ ಹತ್ರ ಒಂದು ತಿರುಗೋ ನಾಬ್ ಐತಿ, ಟೂ ವೀಲ್, ಆಟೋ, ಲಾಕ್ ಅಂತ ಮೂರು ಕಡೆ ತಿರಗತೈತಿ. ಆಟೋದಾಗ ಇಟ್ರ ಮುಂದಿನ ಗಾಲಿ ಜಾರಿದಾಗ ಮಾತ್ರ ಹಿಂದಿನವಕ್ಕ ಪವರ್ ಹೋಕ್ಕೈತಿ, ಲಾಕ್ ಮಾಡಿದ್ರ ಮುಂದ ಹಿಂದ ಅರ್ಧಾ ಅರ್ಧಾ. ಥಾರ್ ಜೀಪಿನಾಗ ಇದ್ದಂಗ ಲೋ ಗೇರಿನ ಡಬ್ಬಿ ಇದಕ್ಕಿಲ್ಲ, ಅದರ ಬದ್ಲಿ ಫಸ್ಟ್ ಗೇರನ್ನ ಭಾಳ ಗಿಡ್ಡ ಮಾಡ್ಯಾರ, ಕ್ಲಚ್ ಬಿಟ್ಟು ಎಕ್ಸಲೇಟರ್ ಮುಟ್ಟಲಾರದ ಕುಂತ್ರೂ ಎತ್ತಿನ ನಡಿಗ್ಯಾಗ ತಾನಾ ಹೋಗ್ತಿರತೈತಿ. ಸಿಟ್ಯಾಗ ಈ ಫಸ್ಟ್ ಗೇರ್ ಒಂದು ಕಿರಿಕಿರಿ, ಸಿಗ್ನಲ್ ಬಿಟ್ಟ ಕೂಡ್ಲೆ ಸೆಕೆಂಡ್ ಹಾಕಬೇಕು, ನಾನಂತೂ ಸಪಾಟ ರಸ್ತಾದಾಗ ಸೆಕೆಂಡಿನ್ಯಾಗ ಎತ್ತತೀನಿ. ಹಿಂದಿನ ಎರಡು ಗಾಲಿಗೆ ಪವರ್ ಹಂಚೋ ಡಿಫರೆನ್ಶಿಯಲ್ ಕೂಡ್ಸಾಕ ಡಿಕ್ಕಿ ಜಾಗಾ ತಿಂದಾರ, ಟೂ ವೀಲ್ ಡಸ್ಟರಿಗೆ 475 ಲೀಟರ್ ಇದ್ರ ಇದಕ್ಕ 410. ನಮ್ಮಾಕಿ ಇದನ್ನ ಪ್ರತಿ ಊರಿಗೆ ಹೊಂಟಾಗೂ ನೆನಪು ಮಾಡ್ತಾಳ.

ಈಗ ಸಾರವಾಡ. ಡೋಣಿ ಹೊಳಿ ದಂಡಿ ಹೊಲಾ ಅಂದ್ರ ಗೊತ್ತಲ್ರಿ, ಡೋಣಿ ಬೆಳೆದರ ಓಣೆಲ್ಲಾ ಕಾಳು ಅಂತ ಗಾದಿನ ಐತಿ. ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡೋ ನೆಲಾ, ಮಳಿ ಬಿದ್ರ ಅದ ಮಣ್ಣು ನೀರು ಕುಡದು ಉಬ್ಬಿ ಬಿರುಕೆಲ್ಲಾ ಮುಚ್ಚಿ ಅಂಟಾಗಿಬಿಡತೈತಿ. ನೀರು ಕೆಳಗ ಇಳಿಯಂಗಿಲ್ಲ, ಮ್ಯಾಲ ನಿಂದ್ರತೈತಿ. ಜ್ವಾಳಕ್ಕ ಬಂಗಾರ, ಗಾಡಿಗೆ ಶನಿ. ಡಾಂಬರ್ ರಸ್ತಾದಿಂದ ಅಕ್ಕನ ಹೊಲದ ಮನಿಗೆ ಒಂದು ಚಕ್ಕಡಿ ದಾರಿ ಐತಿ, ಎರಡೂ ಕಡೆ ತೊಗರಿ, ನಡುವ ಒಂದು ಸಣ್ಣ ಹಳ್ಳ. ಹಿಂಗಾರಿ ಬಿತ್ತಾಕ ಬೀಜ, ಡಿಎಪಿ ಚೀಲ, ಡ್ರಿಪ್ ಪೈಪಿನ ಬಂಡಲು ಎಲ್ಲಾ ನಮ್ಮ ಗಾಡ್ಯಾಗ, ಮಂದಿ ಬ್ಯಾರೆ. ಡಾಂಬರ್ ಮ್ಯಾಲ ನಿಂತಿದ್ದ ಮಾಮಾ ದಾರಿ ನೋಡಿ, "ತಮ್ಮಾ, ಗಾಡಿ ಇಲ್ಲೇ ಬಿಡು, ಸಂಜೀಕ ಟ್ರ್ಯಾಕ್ಟರ್ ಬರತೈತಿ, ಅದರಾಗ ಹೇರೂಣು" ಅಂದ್ರು. ಮುಂದ ಒಂದು ಗೂಡ್ಸ್ ಪಿಕಪ್ ಹಿಂದಿನ ಗಾಲಿ ಅರ್ಧಾ ಹುಗಸಿಕೊಂಡು ನಿಂತಿತ್ತು, ಡ್ರೈವರ್ ಬದುವಿನ ಮ್ಯಾಲ ಕುಂತು ಬೀಡಿ ಸೇದಾಕತ್ತಿದ್ದ. ಅವನ ಮುಖದಾಗ ಅವಸರಾನ ಇರಲಿಲ್ಲ.

ನಾನು, "ಇರ್ರಿ ಮಾಮಾ, ಒಂದು ಕೈ ನೋಡೂಣು" ಅಂದು ನಾಬ್ ಲಾಕಿಗೆ ತಿರುಗಸಿ, ಇಎಸ್‌ಪಿ ಬಟನ್ ಒತ್ತಿ ಬಂದ್ ಮಾಡಿದೆ. ಇದು ಭಾಳ ಮಂದಿಗೆ ಗೊತ್ತಿರಂಗಿಲ್ಲ, ಡಾಂಬರ್ ಮ್ಯಾಲ ಗಾಲಿ ಜಾರಿದ್ರ ಇಎಸ್‌ಪಿ ಇಂಜಿನ್ ಪವರ್ ಕಡಿಮಿ ಮಾಡಿ ನಮ್ಮನ್ನ ಉಳಸತೈತಿ, ಅದ ಕೆಲಸಾ ರಾಡ್ಯಾಗ ಮಾಡಿದ್ರ ಗಾಡಿ ಇದ್ದಲ್ಲೇ ಉಸಿರು ಕಟ್ಟತೈತಿ, ಯಾಕಂದ್ರ ರಾಡ್ಯಾಗ ಗಾಲಿ ಸ್ವಲ್ಪ ತಿರುಗಿ ಮಣ್ಣು ಕೊಡವಿಕೊಂಡಾಗ ಮಾತ್ರ ಹಿಡಿತ ಸಿಗತೈತಿ. ಸೆಕೆಂಡ್ ಗೇರ್, ಒಂದ ಸಮ ವೇಗ, ನಡುವ ನಿಂದ್ರೋದು ಗಿಂದ್ರೋದು ಇಲ್ಲ. ಪಿಕಪ್ಪಿನ ಬಾಜು ತೊಗರಿಗೆ ತಾಗದಂಗ ಹಾದು ಹಳ್ಳಕ್ಕ ಇಳದ್ವಿ, ಹಿಂದಿನ ಗಾಲಿ ತಳ್ಳೋದು ಕುಂತ ಸೀಟಿಗೇ ಗೊತ್ತಾಗತೈತಿ, ಗಾಡಿ ಸ್ವಲ್ಪ ಓರೆ ಆಗಿ ಏಡಿ ನಡಿಗಿ ನಡದು ಮತ್ತ ಸರಿ ಆಗತೈತಿ. ಹಳ್ಳ ದಾಟಿತು. ದೋಸ್ತ ಹಿಂದಿನ ಸೀಟಿನಾಗ ವಿಡಿಯೋ ಮಾಡಾಕತ್ತಿದ್ದ, ನಮ್ಮಾಕಿ ಡಿಎಪಿ ಚೀಲ ಹಿಡಕೊಂಡು ಕಣ್ಣು ಮುಚ್ಚಿದ್ಲು.

ಆದ್ರ ಎರಿ ಮಣ್ಣಿನ ಆಟ ಹಳ್ಳದಾಗ ಇರಂಗಿಲ್ಲ, ಹಳ್ಳ ದಾಟಿದ ಮ್ಯಾಲ ಐತಿ. ಹಳ್ಳದಾಗ ನೀರಿರತೈತಿ, ತೊಳಕೋತ ಹೋಕ್ಕೈತಿ. ಮುಂದಿನ ಅರ್ಧಾ ಒಣಗಿದ, ಅರ್ಧಾ ಹಸಿ ಮಣ್ಣೈತಲ್ಲ, ಅದು ಟೈರಿಗೆ ಸುತ್ತತೈತಿ. ಮೊದ್ಲ ಟೈರಿನ ಗೀರುಗಳು ತುಂಬಿದ್ವು, ರೋಡ್ ಟೈರು ನೋಡ್ರಿ ಕಂಪನಿಯಿಂದ ಬರೋ ಅಳತೀವು, 215/65 ಆರ್16, ಗೀರು ಆಳ ಇರಂಗಿಲ್ಲ, ತುಂಬಿದ ಮ್ಯಾಲ ತಿರುಪತಿಗೆ ಹೋಗಿ ಬಂದ ತಲಿ ಹಂಗ ನುಣ್ಣಗ. ಆಮ್ಯಾಲ ಪದರಿನ ಮ್ಯಾಲ ಪದರು, ಜ್ವಾಳದ ದಂಟು, ಹುಲ್ಲು ಎಲ್ಲಾ ಕೂಡಿ ಟೈರು ದಪ್ಪ ಆಗಿ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಾಕ ಶುರು. ಗುರ್ ಗುರ್ ಅಂತ ಒಂದು ಸಪ್ಪಳ. ಸ್ಟೇರಿಂಗ್ ಬಿಗಿ ಆತು, ಗಾಡಿ 210 ಎಂಎಂ ಎತ್ತರ ಐತಿ ಅಂತ ಕಂಪನಿ ಹೇಳ್ತೈತಿ ಖರೆ, ಟೈರು ಮತ್ತು ಮಡ್‌ಗಾರ್ಡ್ ನಡುವಿನ ಸಂದು ಎಷ್ಟೈತಿ ಅಂತ ಯಾರೂ ಹೇಳಂಗಿಲ್ಲ, ನಮ್ಮ ಭಾಗದಾಗ ಅದ ಮುಖ್ಯ ನೋಡ್ರಿ. ಚಕ್ಕಡಿ ಗಾಲಿ ಯಾಕ ಅಷ್ಟು ಎತ್ತರ, ಅಷ್ಟು ಸಪೂರ, ಮ್ಯಾಲ ಏನೂ ಮುಚ್ಚಿರಂಗಿಲ್ಲ ಅನ್ನೋದು ಅವತ್ತು ತಿಳೀತು.

ಇಳದು ಕೆರದ್ವಿ. ಮಾಮಾ ನಡಕೋತ ಬಂದು ಕುಡಗೋಲಿನ ಹಿಡಕಿಯಿಂದ ಹೆಂಗ ತಗೀಬೇಕಂತ ತೋರ್ಸಿದ್ರು, ಮ್ಯಾಲಿಂದ ಎಳೀಬಾರದು, ಟೈರಿನ ಅಂಚಿನಾಗ ತೂರಸಿ ಹೊರಗ ತಿರುವಬೇಕು, ಹೆಂಟಿ ಹೆಂಟಿ ಬೀಳತೈತಿ. ಒಂದೊಂದು ಹೆಂಟಿ ಎರಡು ಕೈಯಾಗ ಎತ್ತುವಂಗ ಇತ್ತು, ಒಳಗ ಟೈರಿನ ಗೀರಿನ ಅಚ್ಚು ಹಂಗ ಮೂಡಿತ್ತು. ಬ್ರೇಕ್ ಪೈಪು, ಎಬಿಎಸ್ ಸೆನ್ಸರಿನ ವೈರು ಅಲ್ಲೇ ಇರತಾವು, ಕುಡಗೋಲಿನ ಬಾಯಿ ಹಾಕಬ್ಯಾಡ್ರಿ ಅಂತ ನಾನು ಒದರಿದೆ. ನಾಕೂ ಗಾಲಿ ಮುಗಸೋದ್ರಾಗ ಅಕ್ಕ ಹೊಲದ ಮನಿಯಿಂದ ಚರಿಗಿ ನೀರು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣಿಗಾಯಿ ತಗೊಂಡು ಗಾಡಿ ಹತ್ರಾನ ಬಂದ್ಲು. ಕೈ ತೊಳದ್ರೂ ಉಗುರಿನಾಗ ಕರೀ ಮಣ್ಣು ಹಂಗ, ಹಂಗ ಉಂಡ್ವಿ. ಊಟ ಆದ ಮ್ಯಾಲ ಮನಿ ಮುಟ್ಟಿದ್ವಿ, ವಾಪಸ್ ಬರುವಾಗ ಪಿಕಪ್ಪಿನ ಡ್ರೈವರ್ "ನಮ್ಮನ್ನೂ ಎಳೀರಿ ಸಾಹೇಬ್ರ" ಅಂದ. ಎಳೀಲಿಲ್ಲ. ಇಂಥ ಸಣ್ಣ ಎಸ್‌ಯುವಿಯಾಗ ಹಿಂದಿನ ಗಾಲಿಗೆ ಪವರ್ ಕೊಡೋದು ಕರೆಂಟಿನ ಮ್ಯಾಲ ಹಿಡಿಯೋ ಒಂದು ಕ್ಲಚ್, ಭಾಳ ಹೊತ್ತು ಜಾರಿಸಿ ಎಳದ್ರ ಕಾದು ಕೈ ಬಿಡತೈತಿ. ತುಂಬಿದ ಪಿಕಪ್ ಎಳಿಯೋದು ಟ್ರ್ಯಾಕ್ಟರಿನ ಕೆಲಸ, ಸಂಜೀಕ ಅದ ಬಂದು ಎಳೀತಂತ.

ಬೆಳಗಾವಿ ರಸ್ತಾ ಬಗ್ಗೆ ಹೇಳಾಕ ಜಾಸ್ತಿ ಇಲ್ಲ. ಬಬಲೇಶ್ವರ, ಗಲಗಲಿ ಹತ್ರ ಕೃಷ್ಣಾ ದಾಟಿದ್ವಿ, ಹೊಳಿ ಕೆಂಪಗ ತುಂಬಿ ಹರಿಯಾಕತ್ತಿತ್ತು, ಮುಧೋಳದಿಂದ ಎರಡೂ ಕಡೆ ಕಬ್ಬ ಕಬ್ಬು. ಕಬ್ಬಿನ ಹಂಗಾಮು ಇನ್ನಾ ಶುರು ಆಗಿರಲಿಲ್ಲ, ಇಲ್ಲಾಂದ್ರ ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರ್ ಹಿಂದ ಹಾಡು ಕೇಳಕೋತ ಹೋಗಬೇಕಾಗತಿತ್ತು, ಆ ಹಾಡು ಸಣ್ಣ ಸಪ್ಪಳದ್ದೂ ಅಲ್ಲ. ಹಾಳಾದ ರಸ್ತಾದಾಗ ಈ ಗಾಡಿ ಸುಖಾ. ಎಡಬ್ಲ್ಯೂಡಿಗೆ ಹಿಂದಿನ ಸಸ್ಪೆನ್ಶನ್ ಬ್ಯಾರೆ ಕೊಟ್ಟಾರ, ಎಡಗಾಲಿ ತಗ್ಗಿಗೆ ಬಿದ್ರ ಬಲಗಾಲಿ ತಲಿ ಕೆಡಿಸಿಕೊಳ್ಳಂಗಿಲ್ಲ. ನನ್ನ ಕೇಳಿದ್ರ ಈ ಮಾಡೆಲ್ ತಗೊಳ್ಳಾಕ ಅದ ಒಂದ ಕಾರಣಾ ಸಾಕು, ನಾಕು ಗಾಲಿ ಪವರ್ ವರ್ಷದಾಗ ಎಲ್ಲೋ ಒಮ್ಮೆ ಬೇಕಾಗತೈತಿ, ತಗ್ಗು ದಿನಾ ಇರತಾವು. ಯರಗಟ್ಟಿಯಾಗ ಮಿರ್ಚಿ, ಚಾ. ಮೈಲೇಜ್ ಹೈವೇದಾಗ ಹದಿನಾರರ ಆಸುಪಾಸು ಕೊಡತೈತಿ.

ಮರುದಿನ ಬೆಳಗಾವಿಯಿಂದ ಪೀರನವಾಡಿ, ಕಿಣಯೆ, ಜಾಂಬೋಟಿ. ಖಾನಾಪುರ ತಾಲೂಕು ಹೊಕ್ಕ ಕೂಡ್ಲೆ ನೆಲದ ಬಣ್ಣಾನ ಬದಲಾಗತೈತಿ, ಕೆಂಪು ಮುರಕಲ್ಲು. ನಮ್ಮ ಕಡೆ ಮಂದಿ ಎಡಬ್ಲ್ಯೂಡಿ ಅಂದ್ರ ಇಂಥಾ ಕಡೆ ಬೇಕು ಅಂತಾರ, ಮಳಿ ನೋಡಿದ್ರ ಹಂಗ ಅನ್ನಸತೈತಿ, ವೈಪರ್ ಫುಲ್ ಸ್ಪೀಡಿನಾಗ ಹಾಕಿದ್ರೂ ಮುಂದಿನ ಬಸ್ಸಿನ ಲೈಟ್ ಬಿಟ್ಟು ಏನೂ ಕಾಣವಲ್ದು. ಆದ್ರ ಮುರಕಲ್ಲಿನ ನೆಲಾ ನೀರು ಹಿಡಕೊಂಡು ಕುಂದ್ರಂಗಿಲ್ಲ, ಸೋರಿ ಕೆಳಗ ಹೋಕ್ಕೈತಿ, ಮ್ಯಾಲ ಗರಸು ಉಳೀತೈತಿ, ಗರಸಿನ ಮ್ಯಾಲ ಯಾವ ಟೈರಾದ್ರೂ ಹಿಡಿತೈತಿ. ಕಣಕುಂಬಿಯಿಂದ ಚಿಗುಳೆಗೆ ಏರೋ ರಸ್ತಾದಾಗ ಏರು, ತಿರುವು, ದಟ್ಟ ಮಂಜು, ಎಲ್ಲಾ ಇತ್ತು, ನಾಬ್ ಆಟೋದಾಗ ಇತ್ತು ಅಷ್ಟ. ಹಿಂದಿನ ಗಾಲಿ ಕೆಲಸಾ ಮಾಡಿದ್ದು ನನಗಂತೂ ಗೊತ್ತಾಗಲಿಲ್ಲ. ನಮ್ಮ ಮುಂದ ಒಂದು ಹಳೇ ಆಲ್ಟೋದಾಗ ಐದು ಮಂದಿ ಆರಾಮ ಏರಿ ಹೋದ್ರು. ಹಿಲ್ ಅಸಿಸ್ಟ್ ಮಾತ್ರ ಉಪಯೋಗ ಆತು, ತಿರುವಿನಾಗ ಎದುರು ಬಸ್ ಬಂದು ನಿಂತಾಗ ಗಾಡಿ ಹಿಂದ ಸರೀಲಿಲ್ಲ.

ಚಿಗುಳೆ ಮ್ಯಾಲಿಂದ ಕಣಿವಿ ಕಾಣತೈತಿ ಅಂತಾರ, ನಮಗ ಕಂಡಿದ್ದು ಬೆಳ್ಳನ ಮಂಜು. ಅಲ್ಲಿ ಬಿಸಿ ಭಜಿ ಇದ್ವು, ಅದಕ್ಕ ಹೋದದ್ದು ವ್ಯರ್ಥ ಅನ್ನಸಲಿಲ್ಲ.

ದೋಸ್ತನ ಕೆಲಸ ಇದ್ದಿದ್ದು ಕಣಕುಂಬಿಯಾಗ. ಮಾವುಲಿ ಗುಡಿ ಹತ್ರ ಮಲಪ್ರಭಾ ಹುಟ್ಟತೈತಿ, ಸಮುದ್ರ ಮಟ್ಟದಿಂದ 792 ಮೀಟರ್ ಎತ್ತರದಾಗ. ಅಲ್ಲಿಂದ ಸವದತ್ತಿ ಹತ್ರ ನವಿಲುತೀರ್ಥ ಡ್ಯಾಮ್, ಆಮ್ಯಾಲ ರಾಮದುರ್ಗ, ಪಟ್ಟದಕಲ್ಲು, ಐಹೊಳೆ, ಕೊನಿಗೆ ಕೂಡಲಸಂಗಮದಾಗ ಕೃಷ್ಣಾ ಸೇರತೈತಿ. ಅಂವ ಹುಟ್ಟಿದಾಗಿಂದ ಆ ನೀರು ಕುಡದಾಂವ, ಮೂಲ ನೋಡಿರಲಿಲ್ಲ. ಹೊಂಡದ ದಂಡಿಗೆ ನಿಂತು ಕೈಮುಗದು, "ಇಷ್ಟ ಸಣ್ಣ ನೀರೇನಪಾ, ಇದಕ್ಕ ನಾವು ಇಷ್ಟು ವರ್ಷ ಬಡದಾಡಿದ್ವಿ" ಅಂದ. ಕಳಸಾ ಕಾಲುವಿ ಅಗದಿದ್ದು ಇದ ಊರಿನ ಬಾಜುಕ, ಮಹದಾಯಿ ಕಡೆ ಹೋಗೋ ಕಳಸಾ ಹಳ್ಳದ ನೀರನ್ನ ಮಲಪ್ರಭಾಕ್ಕ ತಿರುಗಸಾಕ. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತ ಹೇಳಿತು, ಗೋವಾದ ಜೋಡಿ ತಕರಾರು ಮುಗದಿಲ್ಲ. ನರಗುಂದ, ನವಲಗುಂದ, ರಾಮದುರ್ಗ ಕಡೆ ಇದರ ಬಗ್ಗೆ ಮಾತು ತಗದ್ರ ಚಾ ಆರಿ ಹೋದ್ರೂ ಮಾತು ಮುಗಿಯಂಗಿಲ್ಲ, ನಾವೂ ವಾಪಸ್ ಜಾಂಬೋಟಿ ತನಕ ಅದ ಮಾತಾಡಿಕೋತ ಬಂದ್ವಿ.

ಬೆಳಗಾವ್ಯಾಗ ಕುಂದಾ ತಗೊಂಡು, ಗಾಡಿಗೆ ಗಾಳಿ ಹೊಡಸುವಾಗ ಟೈರ್ ಅಂಗಡಿಯಾಂವ ಮುಂದಿನ ಎರಡು ಸವದಾವ, ಅವೆರಡ ಬದಲ ಮಾಡ್ರಿ ಅಂದ. ಎಡಬ್ಲ್ಯೂಡಿ ಇದ್ದವ್ರು ಈ ಮಾತು ಕೇಳಬಾರದು. ಹೊಸಾ ಟೈರಿನ ಸುತ್ತಳತಿ ದೊಡ್ಡದು, ಸವದದ್ದು ಸಣ್ಣದು, ಮುಂದಿನವು ಹಿಂದಿನವು ಬ್ಯಾರೆ ಬ್ಯಾರೆ ವೇಗದಾಗ ತಿರಗತಾವು, ಗಾಲಿ ಜಾರಾಕತ್ತೈತಿ ಅಂತ ಸಿಸ್ಟಮ್ ತಪ್ಪು ತಿಳಕೊಂಡು ಆ ಕ್ಲಚ್ಚಿಗೆ ಸುಮ್ಮ ಸುಮ್ಮನ ಕೆಲಸಾ ಹಚ್ಚತೈತಿ. ಹಾಕಿದ್ರ ನಾಕೂ ಒಂದ ಕಂಪನಿ, ಒಂದ ಅಳತಿ, ಸವದದ್ದೂ ಹೆಚ್ಚು ಕಡಿಮಿ ಒಂದ ಸಮ ಇರಬೇಕು, ಇಲ್ಲಾಂದ್ರ ಆಗಾಗ ಮುಂದಿನವು ಹಿಂದ, ಹಿಂದಿನವು ಮುಂದ ಮಾಡಿಕೋತ ಹೋಗಬೇಕು. ನಾಕೂ ಒಮ್ಮೆ ಬದಲಸೋದು ಅಂದ್ರ ದೊಡ್ಡ ಖರ್ಚು, ಅದನ್ನ ಗಾಡಿ ತಗೊಳ್ಳುವಾಗ ಲೆಕ್ಕಕ್ಕ ಹಿಡೀರಿ, ಶೋರೂಮಿನಾಗ ಯಾರೂ ಹೇಳಂಗಿಲ್ಲ. ನಾನು ಈ ಸಲ ಗೀರು ಸ್ವಲ್ಪ ಆಳ ಇರೋ ಆಲ್ ಟೆರೇನ್ ಟೈರ್ ನೋಡಾಕತ್ತೀನಿ, ರಸ್ತಾದಾಗ ಸಪ್ಪಳ ಬರತೈತಿ, ಮೈಲೇಜ್ ಒಂದೀಟು ಬೀಳತೈತಿ, ಬೀಳಲಿ. ಎರಿ ಮಣ್ಣು ಅವನ್ನೂ ತುಂಬಸತೈತಿ ಅಂತ ಮಾಮಾ ಈಗ ಹೇಳ್ಯಾರ, ಆದ್ರ ಸ್ವಲ್ಪ ತಡಾ ಆಗಿ ತುಂಬಸತೈತಿ ಅನ್ನೋದು ನನ್ನ ವಾದ.

ವಿಜಾಪುರಕ್ಕ ಬಂದು ವಾಷಿಂಗಿಗೆ ಬಿಟ್ರ, ಕಣಕುಂಬಿ ಕೆಂಪು ಮಣ್ಣು ನೀರು ಹೊಡದ ಕೂಡ್ಲೆ ಹೋತು. ಸಾರವಾಡದ್ದು ಹೋಗಲಿಲ್ಲ. ಹುಡುಗ ಗಾಡಿ ಲಿಫ್ಟ್ ಮ್ಯಾಲ ಎತ್ತಿ, ಹಿಂದಿನ ಡಿಫರೆನ್ಶಿಯಲ್ ಸುತ್ತ ಸಿಮೆಂಟಿನಂತೆ ಕುಂತಿದ್ದನ್ನ ಬೆರಳಿನಿಂದ ಬಡದು ನೋಡಿ, "ಸರ, ಇದು ವಾಷಿಂಗ್ ಅಲ್ರೀ, ಇದು ಅಗಿಯೋ ಕೆಲಸ, ಇದರ ರೇಟ್ ಬ್ಯಾರೆ" ಅಂದ.