ಐಸ್‌ಪ್ಯಾಕ್ ಬೆವರಬೇಕು

2014ರ ಜುಲೈ. ಆಟಿ ತಿಂಗಳ ಮಳೆ ಶುರುವಾಗಿತ್ತು. ಕಾಸರಗೋಡು ಜಿಲ್ಲೆಯಲ್ಲಿ ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಒಂದು ಸಣ್ಣ ಸರಕಾರಿ ಆಸ್ಪತ್ರೆಗೆ ನಾನು ನರ್ಸ್ ಆಗಿ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಕೇರಳದಲ್ಲಿ ಬುಧವಾರ ಅಂದರೆ ಮಕ್ಕಳಿಗೆ ಲಸಿಕೆ ಹಾಕುವ ದಿನ. ಹಿಂದಿನ ದಿನ ಸಂಜೆ ಆಶಾ ಕಾರ್ಯಕರ್ತೆಯರು ಯಾವ ಮನೆಯ ಮಗುವಿಗೆ ಯಾವ ಡೋಸ್ ಬಾಕಿ ಇದೆ ಅನ್ನುವ ಪಟ್ಟಿ ಕೊಟ್ಟು ಹೋಗಿದ್ದರು. ಹದಿನಾಲ್ಕು ಮಕ್ಕಳಿದ್ದರು. ಅದರಲ್ಲಿ ಹನ್ನೊಂದು ಮಕ್ಕಳಿಗೆ ಪೆಂಟಾವೇಲೆಂಟ್ ಅನ್ನುವ ಲಸಿಕೆ ಆಗಬೇಕಿತ್ತು.

ಪಟ್ಟಿ ನೋಡ್ತಾ ಇದ್ದಾಗಲೇ ಕರೆಂಟು ಹೋಯಿತು. ಮೇಲಿನ ರಸ್ತೆಯಲ್ಲಿ ಹಲಸಿನ ಮರವೊಂದು ಲೈನಿನ ಮೇಲೆ ಬಿದ್ದಿದೆ, ಇವತ್ತು ಕರೆಂಟು ಬರುವ ಹಾಗೆ ಕಾಣುವುದಿಲ್ಲ ಅಂತ ಯಾರೋ ಹೇಳಿ ಹೋದರು. ಡಾಕ್ಟ್ರು ಮನೆಗೆ ಹೋಗಿಯಾಗಿತ್ತು, ಸೀನಿಯರ್ ಸಿಸ್ಟರ್ ರಜೆಯಲ್ಲಿದ್ದರು. ಲಸಿಕೆ ಇಡುವ ಕೋಣೆಯಲ್ಲಿ ನಾನೊಬ್ಬಳೇ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಭಯ, ಲಸಿಕೆ ಬಿಸಿಯಾದರೆ ಹಾಳು. ಐಎಲ್‌ಆರ್ ಅಂತ ನಾವು ಕರೆಯುವ ಆ ಪೆಟ್ಟಿಗೆಯಂಥ ಫ್ರಿಜ್‌ನ ಗೋಡೆಯೊಳಗೆ ಐಸ್ ಇರುತ್ತದೆ. ಮುಚ್ಚಳ ತೆರೆಯದೆ ಬಿಟ್ಟರೆ ಕರೆಂಟು ಇಲ್ಲದಿದ್ದರೂ ಒಂದು ರಾತ್ರಿ ಆರಾಮಾಗಿ ತಡೆಯುತ್ತದೆ. ಅದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು ಕೂಡ. ಆದರೆ ಹೊರಗೆ ಧೋ ಅಂತ ಮಳೆ, ಒಳಗೆ ಕತ್ತಲೆ, ಏನಾದರೂ ಮಾಡಲೇಬೇಕು ಅನ್ನುವ ಗಡಿಬಿಡಿಯಲ್ಲಿ ಅದು ನೆನಪಾಗಲೇ ಇಲ್ಲ. ಟಾರ್ಚ್ ಹಿಡಿದು ಮುಚ್ಚಳ ತೆಗೆದೆ, ಎಲ್ಲ ಲಸಿಕೆಯನ್ನೂ ಕೋಲ್ಡ್ ಬಾಕ್ಸಿಗೆ ತುಂಬಿದೆ. ಡೀಪ್ ಫ್ರೀಜರಿನಿಂದ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಐಸ್‌ಪ್ಯಾಕ್‌ಗಳನ್ನು ತೆಗೆದು ಸುತ್ತಲೂ ಜೋಡಿಸಿ ಬಿಗಿಯಾಗಿ ಮುಚ್ಚಿದೆ. ಮನೆಗೆ ಹೋಗಿ ಅಮ್ಮನ ಹತ್ತಿರ, ಇವತ್ತು ನಾನಿಲ್ಲದಿದ್ದರೆ ಲಸಿಕೆಯೆಲ್ಲ ಹೋಗ್ತಿತ್ತು ಅಂತ ಹೇಳಿಕೊಂಡೆ.

ಬೆಳಿಗ್ಗೆ ಚೇಚಿ, ಅಂದರೆ ನಾವು ಅಕ್ಕ ಅನ್ನುವ ಸೀನಿಯರ್ ಸಿಸ್ಟರ್, ಬಂದರು. ಕಾಞಂಗಾಡಿನ ಕಡೆಯವರು, ಮಲಯಾಳ ಬೆರೆಸಿ ಕನ್ನಡ ಮಾತಾಡುವವರು. ಕೋಲ್ಡ್ ಬಾಕ್ಸ್ ತೆರೆದು ಒಂದು ಐಸ್‌ಪ್ಯಾಕ್ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಸದ್ದಿಲ್ಲ.

"ಮೋಳೇ, ಇದು ಬೆವರಿದ ಮೇಲೆ ಇಟ್ಟದ್ದಾ?"

ನನಗೆ ಅರ್ಥ ಆಗಲಿಲ್ಲ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಮೇಜಿನ ಮೇಲೆ ಸ್ವಲ್ಪ ಹೊತ್ತು ಬಿಡಬೇಕು. ಮೈಮೇಲೆ ನೀರಿನ ಹನಿ ಮೂಡಬೇಕು, ಅಲುಗಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು. ತೆಂಗಿನಕಾಯಿ ತಗೊಳ್ಳುವಾಗ ಅಲುಗಿಸಿ ನೋಡ್ತೀವಲ್ವಾ, ಹಾಗೆ. ಆಮೇಲೆಯೇ ಅದನ್ನು ಲಸಿಕೆಯ ಪಕ್ಕ ಇಡಬಹುದು. ಪುಸ್ತಕದಲ್ಲಿ ಇದಕ್ಕೆ ಕಂಡೀಷನಿಂಗ್ ಅಂತ ಬರೆದಿದ್ದರು, ನಾನು ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಐಸ್‌ಪ್ಯಾಕ್ ಬೆವರಬೇಕು ಅಂತ ಯಾರಾದರೂ ಕನ್ನಡದಲ್ಲಿ ಒಂದು ಸಲ ಹೇಳಿದ್ದರೆ ಮರೆಯುತ್ತಿರಲಿಲ್ಲವೇನೋ.

ಬದಿಯಲ್ಲಿದ್ದ ಪೆಂಟಾ ಬಾಟಲಿಗಳು ಐಸ್‌ಪ್ಯಾಕಿಗೆ ಅಂಟಿಕೊಂಡಿದ್ದವು. ಒಂದನ್ನು ಚೇಚಿ ಬೆಳಕಿಗೆ ಹಿಡಿದರು. ಒಳಗಿನ ಬಿಳಿ ಮದ್ದು ಅಲ್ಲಾಡಲಿಲ್ಲ. ಪೂರ್ತಿ ಹೆಪ್ಪುಗಟ್ಟಿತ್ತು.

ಪೋಲಿಯೋ ಹನಿಗೆ ಈ ಚಳಿಯಿಂದ ಏನೂ ಆಗುವುದಿಲ್ಲ. ಬಿಸಿಜಿ, ಮೀಸಲ್ಸ್ ಪುಡಿಗೂ ಇಲ್ಲ. ಆದರೆ ಪೆಂಟಾ, ಟಿಟಿಯಂಥವು ಒಂದು ಸಲ ಹೆಪ್ಪುಗಟ್ಟಿದರೆ ಮುಗೀತು. ಅದರಲ್ಲಿರುವ ಅಲ್ಯೂಮಿನಿಯಂ ಲವಣ ಮುದ್ದೆಯಾಗುತ್ತದೆ, ಮದ್ದಿನ ಬಲ ಹೋಗುತ್ತದೆ. ಮತ್ತೆ ಕರಗಿದರೂ ಆ ಬಲ ವಾಪಸ್ ಬರುವುದಿಲ್ಲ. ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹೀಗೆ ಐದು ರೋಗ ತಡೆಯುವ ಲಸಿಕೆ ಅದು. 2011ರ ಡಿಸೆಂಬರಿನಲ್ಲಿ ದೇಶದಲ್ಲಿ ಮೊದಲು ಕೇರಳ ಮತ್ತು ತಮಿಳುನಾಡಿನಲ್ಲೇ ಸರಕಾರದಿಂದ ಕೊಡಲು ಶುರುಮಾಡಿದ್ದು.

ನನಗೆ ಇವತ್ತಿಗೂ ನೆನಪಾದರೆ ಮೈ ಬಿಸಿಯಾಗುವುದು ಆಮೇಲಿನ ಐದು ನಿಮಿಷಕ್ಕೆ. ಆ ಬಾಟಲಿ ನನ್ನ ಅಂಗೈಯಲ್ಲಿತ್ತು. ನೋಡ್ತಾ ನೋಡ್ತಾ ಕರಗಿತು. ಅಲುಗಿಸಿದರೆ ಮೊದಲಿನ ಹಾಗೇ ಹಾಲಿನ ಬಣ್ಣ. ಲೇಬಲಿನ ಮೇಲೆ ಒಂದು ಸಣ್ಣ ಗುರುತು ಇರುತ್ತದೆ, ವೃತ್ತದೊಳಗೆ ಬಿಳಿ ಚೌಕ. ಬಿಸಿ ತಾಗಿದ ಹಾಗೆಲ್ಲ ಆ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಅದು ಬೆಳ್ಳಗೇ ಇತ್ತು! ಆ ಗುರುತಿಗೆ ಬಿಸಿ ಮಾತ್ರ ಗೊತ್ತು, ಹೆಪ್ಪುಗಟ್ಟಿದ್ದು ಗೊತ್ತಾಗುವುದಿಲ್ಲ. ಅಂದರೆ ಚೇಚಿ ಒಂದು ಗಂಟೆ ತಡವಾಗಿ ಬಂದಿದ್ದರೆ ನಾನೇ ಆ ಮದ್ದನ್ನು ಸಿರಿಂಜಿಗೆ ಎಳೆದು ಹನ್ನೊಂದು ಮಕ್ಕಳಿಗೆ ಹಾಕಿರುತ್ತಿದ್ದೆ. ಕಾರ್ಡಿನಲ್ಲಿ ಸಹಿಯೂ ಮಾಡಿರುತ್ತಿದ್ದೆ. ತಾಯಂದಿರು ಮಗುವಿಗೆ ರಕ್ಷಣೆ ಸಿಕ್ಕಿತು ಅಂತ ನಂಬಿ ಮನೆಗೆ ಹೋಗಿರುತ್ತಿದ್ದರು.

ಇನ್ನೊಂದು ವಿಷಯ. ಖಾಲಿ ಐಎಲ್‌ಆರ್‌ನೊಳಗಿನ ಥರ್ಮಾಮೀಟರ್ ನೋಡಿದೆ. 6 ಡಿಗ್ರಿ. ಇರಬೇಕಾದದ್ದು 2ರಿಂದ 8. ರಾತ್ರಿಯಿಡೀ ಕರೆಂಟು ಇಲ್ಲದೆ ಅದು ತನ್ನ ಕೆಲಸ ಸರಿಯಾಗಿ ಮಾಡಿತ್ತು.

ಹತ್ತು ಗಂಟೆಗೆ ವರಾಂಡ ತುಂಬಿತು. ಒದ್ದೆ ಕೊಡೆಗಳು, ಟರ್ಕಿ ಟವೆಲಿನಲ್ಲಿ ಸುತ್ತಿದ ಮಕ್ಕಳು, ತುಳು, ಕನ್ನಡ, ಮಲಯಾಳ, ಬ್ಯಾರಿ, ಮರಾಠಿ ಎಲ್ಲ ಒಟ್ಟಿಗೆ. ಸ್ಟಾಕ್ ಬಂದಿಲ್ಲ, ಮುಂದಿನ ಬುಧವಾರ ಬನ್ನಿ ಅಂತ ಹೇಳೋಣವಾ ಅಂತ ನಾನು ಮೆಲ್ಲಗೆ ಕೇಳಿದೆ. ಚೇಚಿ ಒಪ್ಪಲಿಲ್ಲ. ಹೊರಗೆ ಹೋಗಿ ನಿಂತು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ನಿನ್ನೆ ಲಸಿಕೆ ಇಡುವಾಗ ನಮ್ಮಿಂದ ತಪ್ಪಾಗಿದೆ, ಅದು ಹೆಪ್ಪುಗಟ್ಟಿದೆ, ಅದನ್ನು ಮಕ್ಕಳಿಗೆ ಹಾಕುವುದಿಲ್ಲ, ಬೇರೆ ತರಿಸುತ್ತೇವೆ, ಸ್ವಲ್ಪ ಕಾಯಿರಿ. ನಮ್ಮಿಂದ ಅಂದರು. ನನ್ನ ಕಡೆ ಬೆರಳು ತೋರಿಸಲಿಲ್ಲ.

ಅವರು ಯಾಕೆ ಹಾಗೆ ಮಾಡಿದರು ಅಂತ ನನಗೆ ಆಮೇಲೆ ಅರ್ಥವಾಯಿತು. ಇದು ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಹಾನಿ ಕಂಡ ಊರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ್ದನ್ನು, ಅದು 2000ದಲ್ಲಿ ನಿಂತದ್ದನ್ನು ಕಣ್ಣಾರೆ ಕಂಡ ಅಜ್ಜಿಯಂದಿರೇ ಮೊಮ್ಮಕ್ಕಳನ್ನು ಎತ್ತಿಕೊಂಡು ನಮ್ಮ ವರಾಂಡದಲ್ಲಿ ಕೂರುವುದು. ಮಗುವಿನ ಮೈಗೆ ಏನು ಹಾಕ್ತೀರಿ ಅಂತ ಅವರು ಕೇಳಿದರೆ ಅದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಆ ದಿನವೂ ಹತ್ತು ವಾರದ ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಅಜ್ಜಿ, ಗುಡ್ಡದ ಮೇಲಿಂದ ಜೀಪಿನಲ್ಲಿ ಬಂದವರು, ನನ್ನ ಮುಖವನ್ನೇ ನೋಡಿ "ಇನಿ ಸೂಜಿ ಇಜ್ಜಾ?" (ಇವತ್ತು ಸೂಜಿ ಇಲ್ವಾ?) ಅಂತ ತುಳುವಿನಲ್ಲಿ ಕೇಳಿದರು. ಉಂಟು ಅಜ್ಜೀ, ನಾನೇ ಹೋಗಿ ತರುತ್ತೇನೆ ಅಂದೆ.

ಡಾಕ್ಟ್ರು ಪಕ್ಕದ ಪಂಚಾಯತಿನ ಆಸ್ಪತ್ರೆಗೆ ಫೋನ್ ಮಾಡಿದರು. ನಾನು ನಾಲ್ಕು ಐಸ್‌ಪ್ಯಾಕ್ ಮೇಜಿನ ಮೇಲಿಟ್ಟು ಕಾದೆ. ಮೊದಲು ಮೈಮೇಲೆ ಬಿಳಿ ಹಿಮದ ಪುಡಿ ಇತ್ತು, ಅದು ಹೋಯಿತು, ಆಮೇಲೆ ಸಾಸಿವೆಯಷ್ಟು ಸಣ್ಣ ಹನಿಗಳು ಮೂಡಿದವು, ಹನಿಗಳು ಒಂದಕ್ಕೊಂದು ಸೇರಿ ಮೇಜಿನ ಮೇಲೆ ಇಳಿದವು. ಒಂದೊಂದನ್ನೂ ಕಿವಿಗೆ ಹಿಡಿದೆ. ನಾಲ್ಕೂ ಸದ್ದು ಮಾಡಿದ ಮೇಲೆ ಒರೆಸಿ, ಲಸಿಕೆ ಒಯ್ಯುವ ಸಣ್ಣ ಪೆಟ್ಟಿಗೆಯಾದ ಕ್ಯಾರಿಯರಿಗೆ ಹಾಕಿ ಆಟೋ ಹತ್ತಿದೆ. ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋಗಿ ಬಂದೆ. ಹಲಸಿನ ಮರವನ್ನು ಇನ್ನೂ ಕಡಿಯುತ್ತಾ ಇದ್ದರು, ಅಲ್ಲಿ ಕಾಲು ಗಂಟೆ ಹೋಯಿತು.

ವಾಪಸ್ ಬರುವಾಗ ಹನ್ನೆರಡೂವರೆ. ಒಂಬತ್ತು ಜನ ಕಾದಿದ್ದರು. ಹೊರಟುಹೋದ ಇಬ್ಬರ ಮನೆಗೆ ಆಶಾ ಕಾರ್ಯಕರ್ತೆಯೊಬ್ಬರು ಹೋಗಿ ಹೇಳಿ ಬಂದರು, ಮುಂದಿನ ವಾರ ಅವರೂ ಬಂದರು.

ಗುರುವಾರ ಶೇಕ್ ಟೆಸ್ಟ್, ಅಂದರೆ ಉಳಿದ ಬಾಟಲಿಗಳೂ ಹೆಪ್ಪುಗಟ್ಟಿದ್ದವಾ ಅಂತ ಅಲುಗಿಸಿ ನೋಡುವ ಪರೀಕ್ಷೆ ಮಾಡಿದೆವು. ಒಂದು ಪೆಂಟಾ ಬಾಟಲಿಯನ್ನು ಬೇಕೆಂದೇ ರಾತ್ರಿಯಿಡೀ ಡೀಪ್ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕರಗಿಸಿದ್ದೆವು, ಆ ಹೊತ್ತಿಗೆ ಕರೆಂಟು ಬಂದಿತ್ತು. ಅದರ ಜೊತೆಗೆ ಕೋಲ್ಡ್ ಬಾಕ್ಸಿನ ಮಧ್ಯದಲ್ಲಿದ್ದು, ನೋಡಲು ಏನೂ ಆಗಿರದ ಅದೇ ಬ್ಯಾಚಿನ ಇನ್ನೊಂದು ಬಾಟಲಿ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಚೆನ್ನಾಗಿ ಅಲುಗಿಸಿ ಕಿಟಕಿಯ ಬೆಳಕಿನಲ್ಲಿ ಇಟ್ಟು ಕೂತೆವು. ಒಳ್ಳೆಯದಾಗಿದ್ದರೆ ನಿಧಾನಕ್ಕೆ ತಳಕ್ಕೆ ಇಳಿಯಬೇಕು. ಕಾಲು ಗಂಟೆಯೊಳಗೆ ಎರಡರಲ್ಲೂ ಮೇಲೆ ತಿಳಿನೀರು, ಕೆಳಗೆ ಸುಣ್ಣದ ಹಾಗೆ ಗಸಿ. ನನಗೆ ಅಳು ಬಂತು. 11 ಬಾಟಲಿ ಪೆಂಟಾ, 7 ಬಾಟಲಿ ಟಿಟಿ. ಪೆಂಟಾದ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಹೆಪ್ಪುಗಟ್ಟಿ ಹಾಳಾದದ್ದು ಅಂತ ರಿಜಿಸ್ಟರಿನಲ್ಲಿ ನಾನೇ ಬರೆದೆ, ಹೊಸ ಸ್ಟಾಕಿನ ಇಂಡೆಂಟನ್ನೂ ನಾನೇ ಬರೆದೆ.

ಈಗ ಐಎಲ್‌ಆರ್‌ಗೆ ಸಿಮ್ ಹಾಕಿದ ಲಾಗರ್ ಬಂದಿದೆ, ತಾಪಮಾನ ಹೆಚ್ಚುಕಮ್ಮಿಯಾದರೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಆದರೂ ಹೊಸಬರು ಯಾರೇ ಬರಲಿ, ಮೊದಲ ದಿನವೇ ನಾನು ಅವರ ಕೈಗೆ ಐಸ್‌ಪ್ಯಾಕ್ ಕೊಟ್ಟು ಬೆವರುವ ತನಕ ಪಕ್ಕದಲ್ಲಿ ಕೂರಿಸುತ್ತೇನೆ.

ಆ ಅಜ್ಜಿ ನಾಲ್ಕು ವಾರ ಕಳೆದು ಮೂರನೇ ಡೋಸಿಗೆ ಮತ್ತೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ, ಇವತ್ತು ಮದ್ದು ಸರಿ ಉಂಟಾ ಅಂತ ಕೇಳಿದರು. ನಾನು ಕ್ಯಾರಿಯರಿನಿಂದ ಒಂದು ಐಸ್‌ಪ್ಯಾಕ್ ತೆಗೆದು ಅವರ ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಅವರು ತಲೆ ವಾಲಿಸಿ ಕೇಳಿದರು. "ನೀರ್ ಉಂಡು" ಅಂದರು. ಆಮೇಲೆ ಮಗುವಿನ ಎಡತೊಡೆಯ ಮೇಲಿನ ಬಟ್ಟೆ ಸರಿಸಿ ಕೊಟ್ಟರು.