ಸ್ಟೋಕ್ ಬ್ರೂಯರ್ನ್, ಇಂಗ್ಲೆಂಡ್, ಗುರುವಾರ ರಾತ್ರಿ

ಸೆಪ್ಟೆಂಬರ್ 12, 2024

ರಾಯರೂ ಅಕ್ಕನೂ ಈಗಷ್ಟೇ ಲೆಸ್ಟರ್ ಕಡೆ ಹೊರಟರು. ನಮ್ಮವರು ದೋಣಿಯ ಸ್ಟೋವ್‌ಗೆ ಕಟ್ಟಿಗೆ ತುರುಕಿ ಮಲಗಿಬಿಟ್ಟಿದ್ದಾರೆ. ಸೆಪ್ಟೆಂಬರ್ ಅರ್ಧಕ್ಕೇ ಇಷ್ಟು ಚಳಿ. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ.

ಬೆಳಿಗ್ಗೆ ದೋಣಿಯಲ್ಲಿ ಗೇಟನ್ ಬಿಟ್ಟು, ಕಾಲುವೆಯ ಬ್ಲಿಸ್‌ವರ್ತ್ ಟನಲ್ ದಾಟಿ ಬಂದೆವು. 2.8 ಕಿಲೋಮೀಟರ್ ಕಗ್ಗತ್ತಲು. ಗಾಳಿಕಿಂಡಿಗಳ ಕೆಳಗೆ ಬಂದಾಗಲೆಲ್ಲ ನೆತ್ತಿಗೇ ನೀರು. ಎದುರಿಗೊಂದು ದೋಣಿ ಬಂತು, ಇಬ್ಬರೂ ಗೋಡೆಗೆ ಒತ್ತಿಕೊಂಡು ಸರಿದೆವು. ಇದು ತೆರೆದದ್ದು 1805ರಲ್ಲಿ. ಆಗ ಇಂಜಿನ್ ಎಲ್ಲಿತ್ತು? ಕುದುರೆಯನ್ನು ಗುಡ್ಡದ ಮೇಲಿನಿಂದ ನಡೆಸಿ ಕಳಿಸಿ, ಹಲಗೆಯ ಮೇಲೆ ಅಂಗಾತ ಮಲಗಿದ ಆಳುಗಳು ಗೋಡೆಗೆ ಕಾಲು ಕೊಟ್ಟು ತಳ್ಳಿ ತಳ್ಳಿ ಸರಕಿನ ದೋಣಿಯನ್ನು ಆಚೆ ತುದಿಗೆ ಮುಟ್ಟಿಸುತ್ತಿದ್ದರು. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೆ, ಹಿಡಿದು ನಿಂತಷ್ಟು ಹೊತ್ತೂ ಅವರ ಸೊಂಟದ್ದೇ ಯೋಚನೆ.

ಸಂಜೆ ಬೋಟ್ ಇನ್‌ನಲ್ಲಿ ಸೇರುವುದೆಂದು ರಾಯರ ಜೊತೆ ಮೊದಲೇ ಮಾತಾಗಿತ್ತು. ಕಾಲುವೆಯ ದಡಕ್ಕೇ ಇರುವ ಪಬ್, 1877ರಿಂದ ಒಂದೇ ಮನೆತನದ ಕೈಯಲ್ಲಿದೆ. ಹಳೆಯ ಭಾಗದಲ್ಲಿ ಸ್ಕಿಟಲ್ಸ್ ಆಟದ ಮೇಜು: ಚರ್ಮ ಹೊದಿಸಿದ ಮೇಜಿನ ಮೇಲೆ ಒಂಬತ್ತು ಮರದ ಗೂಟ, ಅವಕ್ಕೆ ಗುರಿಯಿಟ್ಟು ಎಸೆಯಲು 'ಚೀಸ್' ಎಂದು ಕರೆಯುವ ದಪ್ಪ ಮರದ ಬಿಲ್ಲೆ. ರಾಯರು ಪಂಚೆ ಕಟ್ಟುವವರ ಹಾಗೆ ಪ್ಯಾಂಟು ಮೇಲೆಳೆದುಕೊಂಡು ಎಸೆದರು. ಎಲ್ಲ ಗೂಟವೂ ಬಿತ್ತು! ಪಕ್ಕದ ಮೇಜಿನವರೆಲ್ಲ ಚಪ್ಪಾಳೆ. ಅಕ್ಕ ಗಣೇಶನ ಹಬ್ಬದ ಚಕ್ಕುಲಿ ಡಬ್ಬಿ ನನ್ನ ಚೀಲಕ್ಕೆ ತುರುಕಿ, "ಇಲ್ಲಿ ತೆಗೀಬೇಡ, ದೋಣೀಲಿ ತಿನ್ನಿ" ಎಂದರು. ಎಷ್ಟು ದಿನವಾಗಿತ್ತು ಇವರನ್ನು ನೋಡಿ.

ಅಷ್ಟರಲ್ಲಿ ಹಸಿರು ದೋಣಿಯ ಅಜ್ಜಿ ಒಳಗೆ ಬಂದರು. ಹೋದ ವರ್ಷ ಬ್ರಾನ್‌ಸ್ಟನ್‌ನಲ್ಲಿ ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಕಟ್ಟೆ) ಗೇಟ್ ತಳ್ಳಲು ನಮ್ಮ ಜೊತೆ ಕೈಜೋಡಿಸಿದ್ದರಲ್ಲ, ಅವರೇ. ಆಗ ಅಜ್ಜ ಟಿಲ್ಲರ್ ಹಿಡಿದು ನಿಂತಿದ್ದರು. ಈ ಸಲ ಅಜ್ಜಿ ಒಬ್ಬರೇ. ಏನು ಕೇಳುವುದು? ಜಾಗ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡೆ.

"ಫೆಬ್ರವರಿಯಲ್ಲಿ ಹೋದರು" ಎಂದರು ಅವರೇ. ಹಗ್ಗ ಹಿಡಿದು ಹಿಡಿದು ಅಂಗೈಯೆಲ್ಲ ದಡ್ಡುಗಟ್ಟಿದೆ. ಗ್ಲಾಸ್ ಎತ್ತುವಾಗ ಬೆರಳು ನಡುಗುತ್ತಿತ್ತು. ಈಗ ಲಾಕ್ ಬಂದರೆ ದೋಣಿ ಕಟ್ಟಿ, ಇಳಿದು, ನೀರಿನ ಕಿಂಡಿ ತೆರೆಯುವ ಹಿಡಿಕೆ ವಿಂಡ್ಲಾಸ್ ತಿರುಗಿಸಿ, ಗೇಟ್ ತೆರೆದು, ಮತ್ತೆ ಹತ್ತಿ ದೋಣಿ ಒಳಗೆ ತರುವುದು, ಎಲ್ಲವೂ ಒಬ್ಬರೇ. ಅವರಿಗೆ ದೋಣಿಯೇ ಮನೆ. ದೋಣಿ ಕಟ್ಟಿಡಲು ಖಾಯಂ ಜಾಗ ಇಲ್ಲದವರು ಒಂದೇ ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಈ ಏಪ್ರಿಲ್‌ನಿಂದ ಅಂಥವರ ಲೈಸೆನ್ಸ್‌ಗೆ ಹೆಚ್ಚುವರಿ ಶುಲ್ಕ ಬೇರೆ. ಇದನ್ನೆಲ್ಲ ದೂರಿನ ದನಿಯಲ್ಲಿ ಹೇಳಲಿಲ್ಲ ಅಜ್ಜಿ. ದನಿ ಕುಗ್ಗಿದ್ದು ಬಿ.ಪಿ. ಮಾತ್ರೆಯ ಮಾತು ಬಂದಾಗ. ಯಾವುದೋ ಊರಿನ ಕ್ಲಿನಿಕ್‌ನಲ್ಲಿ ಹೆಸರು ಬರೆಸಲು ಹೋದರೆ ವಿಳಾಸದ ದಾಖಲೆ ತನ್ನಿ ಎಂದರಂತೆ. ಮತ್ತೆ ಎಲ್ಲಿಗೂ ಹೋಗಿಲ್ಲ. ಮಾತ್ರೆ ಮುಗಿದು ವಾರಗಳೇ ಆಗಿವೆ.

ರಾಯರ ಮುಖ ಕೆಂಪಾಯಿತು. ಅಷ್ಟು ವರ್ಷ ಜಿಪಿ, ಅಂದರೆ ಊರಿನ ಕ್ಲಿನಿಕ್‌ನ ಡಾಕ್ಟರು, ಆಗಿದ್ದವರಲ್ಲವೇ. "ಇಂಗ್ಲೆಂಡಿನಲ್ಲಿ ಜಿಪಿ ಹತ್ತಿರ ನೋಂದಾಯಿಸಲು ವಿಳಾಸದ ಪುರಾವೆ ಬೇಕಿಲ್ಲ. ಗುರುತಿನ ಚೀಟಿಯೂ ಬೇಕಿಲ್ಲ. ಹಾಗಂತ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನವರೇ ಹೇಳಿದ್ದಾರೆ" ಎಂದು ಅಜ್ಜಿಗೆ ನಿಧಾನವಾಗಿ ಬಿಡಿಸಿ ಹೇಳಿದರು. ಬಿಯರ್ ಗ್ಲಾಸಿನ ಕೆಳಗಿನ ರಟ್ಟನ್ನೇ ತಿರುವಿ ಅದರ ಮೇಲೆ ಬರೆದೂ ಕೊಟ್ಟರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮಾತ್ರೆ ಹೀಗೆ ಬಿಡಬಾರದಮ್ಮಾ, ಹೇಗಾದರೂ ನಾಳೆಯೇ ಕಳಿಸು" ಎಂದರು.

ಹಿಂದೆ ಇದೇ ದಡದಲ್ಲಿ ಸಿಸ್ಟರ್ ಮೇರಿ ವಾರ್ಡ್ ಇದ್ದರು. ಲಾಕಿನ ಪಕ್ಕದ ಮನೆಯಲ್ಲಿ ಕುಳಿತು, ವಿಳಾಸವೇ ಇಲ್ಲದ ದೋಣಿ ಕುಟುಂಬಗಳ ಬಾಣಂತಿಯರು, ಮಕ್ಕಳು, ಗಾಯಾಳುಗಳು ಎಲ್ಲರನ್ನೂ ನೋಡಿಕೊಂಡ ನರ್ಸ್. 1951ರಲ್ಲಿ ಬ್ರಿಟಿಷ್ ಎಂಪೈರ್ ಮೆಡಲ್ ಬಂತು. ಅಜ್ಜಿಗೆ ಅವರ ಕಥೆ ನನಗಿಂತ ಚೆನ್ನಾಗಿ ಗೊತ್ತು. "ಈಗ ಅವರಿದ್ದಿದ್ದರೆ ನನ್ನನ್ನು ಗದರುತ್ತಿದ್ದರು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅಜ್ಜಿಯ ದೋಣಿಗೆ ಹೋಗಿ ಚಕ್ಕುಲಿ ಅರ್ಧ ಕೊಟ್ಟೆ. ಅಜ್ಜನ ಟೋಪಿ ಇನ್ನೂ ಬಾಗಿಲ ಮೊಳೆಗೇ ತೂಗುತ್ತಿತ್ತು.

ಅವರದು ಉತ್ತರದ ದಾರಿ, ನಮ್ಮದು ದಕ್ಷಿಣ. ನವೆಂಬರ್ ಬಂದರೆ ಲಾಕ್ ರಿಪೇರಿಗೆಂದು ಕಾಲುವೆ ಅಲ್ಲಲ್ಲಿ ಮುಚ್ಚುತ್ತಾರೆ, ಆಮೇಲೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ. ಕಾಗದಪತ್ರಕ್ಕೆ ನಮ್ಮ ಮನೆ ವಿಳಾಸವನ್ನೇ ಕೊಟ್ಟುಬಿಡೋಣವೇ ಎಂದು ನಮ್ಮವರನ್ನು ಕೇಳಬೇಕು. ಅಜ್ಜಿ ಏಳಕ್ಕೆಲ್ಲ ಹೊರಡುವವರು. ಈಗಲೇ ಎಬ್ಬಿಸಿ ಕೇಳಿದರೆ ಬೆಳಿಗ್ಗೆ ಅವರ ಜೊತೆ ನಾನೂ ಬ್ಲಿಸ್‌ವರ್ತ್‌ವರೆಗೆ ದೋಣಿಯಲ್ಲಿ ಹೋಗಿ, ಅಲ್ಲಿ ಯಾವುದಾದರೂ ಜಿಪಿ ಕ್ಲಿನಿಕ್ ತೆರೆದಿದ್ದರೆ…