ಕೊರಿಯಾದ ಬೆಂಕಿ, ಮಾವನೋರ ಸೀಡಿ

ದಸರಾ ಮುಗಿದ ಭಾನುವಾರ ಪುಣೆಯ ಎಫ್‌ಸಿ ರೋಡಲ್ಲಿ ವೈಶಾಲಿ ಹೋಟೆಲ್ ಮುಂದೆ ಟೇಬಲ್‌ಗೆ ಹೆಸರು ಬರೆಸಿ ನಿಂತಿದ್ವಿ. ನಾವು ನಾಲ್ಕೂ ಜನ ಹಿಂಜವಡಿಯ ಐಟಿ ಕಂಪ್ನಿಗಳಲ್ಲಿ ಕೀಬೋರ್ಡ್ ಕುಟ್ಟೋರೇ, ಸೇರಿದ್ರೆ ಕ್ರಿಕೆಟ್ಟೂ ಇಲ್ಲ ಸಿನಿಮಾನೂ ಇಲ್ಲ, ಯಾವ ಡೇಟಾಬೇಸ್ ಒಳ್ಳೇದು, ಸರ್ಕಾರಿ ಆಫೀಸಲ್ಲಿ ಲಿನಕ್ಸ್ ಯಾಕೆ ಬರಲ್ಲ, ಬರೀ ಇಂಥದ್ದೇ ಜಗಳ. ಅವತ್ತಿನ ವಿಷಯ ದಕ್ಷಿಣ ಕೊರಿಯಾ.

2025ರ ಸೆಪ್ಟೆಂಬರ್ 26ಕ್ಕೆ ಅಲ್ಲಿನ ಡೇಜಾನ್ ಊರಿನ ಸರ್ಕಾರಿ ಡೇಟಾ ಸೆಂಟರಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ಕೊಂಡು 647 ಸಿಸ್ಟಂಗಳು ನಿಂತು ಹೋದ್ವಲ್ಲ, ಅದ್ರಲ್ಲಿ ಜಿ-ಡ್ರೈವ್ ಅಂತ ಒಂದು ಇತ್ತು, ನೌಕರರೇ, ಫೈಲು ನಿಮ್ಮ ಪಿಸಿಯಲ್ಲಿ ಇಟ್ಕೋಬೇಡಿ, ಇಲ್ಲೇ ಇಡಿ ಅಂತ ಸರ್ಕಾರವೇ ಹೇಳಿದ್ದ ಜಾಗ. 858 ಟೆರಾಬೈಟ್. ಸೈಜ್ ಜಾಸ್ತಿ ಅಂತ ಹೊರಗೆಲ್ಲೂ ಬ್ಯಾಕಪ್ ಇರ್ಲಿಲ್ಲ. ಬೂದಿ.

"ನೋಡಪಾ, ಸರ್ಕಾರದ ಕೈಯಾಗ ಕೊಟ್ರ ಇದ ಹಣೇಬರ. ಕ್ಲೌಡ್ ಕಂಪ್ನಿಗೆ ಕೊಟ್ಟಿದ್ರ ಮುಗೀತಿತ್ತು" ಅಂದ ಗದಗಿನವ.

ಕುಂದಾಪ್ರದವ ಬಿಡ್ತಾನಾ? "ಎಂತ ಮಾರಾಯ, ಖಾಸಗಿಯವ್ರದ್ದು ಸುಡೂದಿಲ್ಯಾ? 2021ರ ಮಾರ್ಚಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿ ಓವಿಎಚ್ ಅಂಬ ಕ್ಲೌಡ್ ಕಂಪ್ನಿಯ ಡೇಟಾ ಸೆಂಟರ್ ಸುಟ್ಟದ್ದು ಮರ್ತ್ ಹೋಯ್ತಾ?" ಅಂತ ಶುರು ಮಾಡಿ, ಪೇಮೆಂಟ್ ಡೇಟಾ ದೇಶದೊಳಗೇ ಇರ್ಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ್ದು ಸುಮ್ನೆ ಅಲ್ಲ ಅಂದು, ಕೊನೆಗೆ ಗದಗಿನವನ ಹೊಲಕ್ಕೇ ಬಂದ. ನಿಮ್ಮಪ್ಪನ ಪಹಣಿ ಯಾರ ಹತ್ರ ಇದೆ? ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿಸಿದ್ದು ಸರ್ಕಾರವೇ ಅಲ್ವಾ? ಹೌದು, ಆದ್ರೆ ಆಮೇಲೆ ಕೈಬರಹದ್ದಕ್ಕೆ ಬೆಲೆನೇ ಇಲ್ಲ ಅಂತ ಆಯ್ತಲ್ಲ, ಅಂದ್ರೆ ಕಂಪ್ಯೂಟರಲ್ಲಿರೋದು ಹೋದ್ರೆ ಎಲ್ಲಾ ಹೋದಂಗೆ, ಅಂತ ಗದಗಿನವ. ಟೇಬಲ್ ಸಿಕ್ಕಿ ಎಸ್‌ಪಿಡಿಪಿ (ಸೇವ್ ಪೊಟಾಟೊ ದಹಿ ಪೂರಿ) ಬಂದು ಪ್ಲೇಟು ಖಾಲಿ ಆದ್ರೂ ಇಬ್ರೂ ಇಳೀಲಿಲ್ಲ. ನನಗೇನೋ ಇಬ್ರೂ ಡೇಟಾ ಯಾರ ಮನೇಲಿ ಇರ್ಬೇಕು ಅಂತಷ್ಟೇ ಕಿತ್ತಾಡ್ತಿದ್ದಾರೆ ಅನ್ನಿಸ್ತು.

ಮಧ್ಯಾಹ್ನ ನಾಲ್ಕನೆಯವನ ಮನೆಗೆ, ಕೋಥ್ರೂಡ್‌ಗೆ ಹೋದ್ವಿ. ಅವನ ಮಾವನೋರು ಧಾರವಾಡದಲ್ಲಿ ಕನ್ನಡ ಮೇಷ್ಟ್ರಾಗಿ ರಿಟೈರ್ ಆದೋರು, ದಸರಾಕ್ಕೆ ಬಂದಿದ್ರು. ಹಳೇ ಲೇಖನಗಳ ಒಂದು ಸೀಡಿ ತಂದಿದ್ರು, ಪ್ರಿಂಟ್ ತೆಗೆದು ಕೊಡಿ ಅಂತ. ಈಗಿನ ಲ್ಯಾಪ್‌ಟಾಪಲ್ಲಿ ಸೀಡಿ ಹಾಕೋಕೆ ಜಾಗವೆಲ್ಲಿ, ಕೆಳಗಿನ ಫ್ಲ್ಯಾಟಿಂದ ಡ್ರೈವ್ ಇಸ್ಕೊಂಡು ಬಂದ್ವಿ. ಪರವಾಗಿಲ್ಲ, ಎಲ್ಲಾ ಫೈಲೂ ಓಪನ್ ಆದ್ವು. ಒಂದರಲ್ಲೂ ಕನ್ನಡ ಇಲ್ಲ. ಕನ್ನಡ ಅಂತ ಇರಬೇಕಾದ ಕಡೆ ಒಂದು ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರೋ ಎ, ಆಮೇಲೆ ಪೌಂಡಿನ ಗುರುತು.

'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ವರ್ಶನ್ನಲ್ಲಿ ಟೈಪ್ ಮಾಡಿದ್ದು. ಅದ್ರಲ್ಲಿ ಫೈಲೊಳಗೆ ಇರೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ, ಆ ಫಾಂಟ್ ಇಲ್ಲ ಅಂದ್ರೆ ಕನ್ನಡವೂ ಇಲ್ಲ. ಕರ್ನಾಟಕ ಸರ್ಕಾರಕ್ಕೆ ಅಂತ್ಲೇ ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ ಅದು, ಆ ಕಾಲಕ್ಕೆ ದೊಡ್ಡ ಉಪಕಾರವೇ, ಬೈಯೋಕೆ ಮನಸ್ಸು ಬರಲ್ಲ.

"ಅಲ್ರೀಪಾ, ಸೀಡಿ ಸುಟ್ಟಿಲ್ಲ, ಕಳದಿಲ್ಲ, ಮತ್ತ ಯಾಕ ಓದಾಕ ಬರವಲ್ದು?" ಅಂದ್ರು ಮಾವನೋರು. ಬೆಳಿಗ್ಗೆಯಿಂದ ಹಾರಾಡ್ತಿದ್ದ ಇಬ್ರೂ ಗಪ್‌ಚಿಪ್.

ಯುನಿಕೋಡ್‌ಗೆ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರೋ ಈಗಿನ ಪದ್ಧತಿ) ತಿರುಗಿಸೋ ಕನ್ವರ್ಟರ್ ಹಾಕಿದ್ವಿ. ಮುಕ್ಕಾಲು ಪಾಲು ಚೆನ್ನಾಗೇ ಬಂತು, ಅರ್ಕಾವತ್ತು ಮಾತ್ರ ಕೈ ಕೊಡ್ತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಹಾಗೆ ಅಕ್ಷರದ ನಂತರ ಇರತ್ತೆ, ಯುನಿಕೋಡಲ್ಲಿ ಉಚ್ಚಾರದ ಹಾಗೆ ಮೊದಲೇ ಬರಬೇಕು, ನಮ್ಮ ಕನ್ವರ್ಟರ್ ಅದನ್ನ ಅಲ್ಲಲ್ಲಿ ನುಂಗಿಬಿಟ್ಟಿತ್ತು. ಸರ್ಕಾರ ಹೋಗಿ 'ಸಕಾರ' ಆಗಿತ್ತು, ಕುಂದಾಪ್ರದವ ಬಿದ್ದು ಬಿದ್ದು ನಕ್ಕ. ಮಾವನೋರು ಕನ್ನಡಕ ಏರಿಸ್ಕೊಂಡು ಒಂದೊಂದೇ ಸಾಲು ಓದೋದು, ಗದಗಿನವ ತಿದ್ದೋದು. ಸಂಜೆ ಚಾ ಹೊತ್ತಿಗೆ ಎರಡು ಲೇಖನ ಆಯ್ತು.

ಒಂದು ಕಾಪಿ ಲ್ಯಾಪ್‌ಟಾಪಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಲ್ಲಿ. ಮೂರನೆಯದು ಎಲ್ಲಿ ಅನ್ನೋದಕ್ಕೆ ಮತ್ತೆ ಶುರು, ಗೂಗಲ್ ಡ್ರೈವೋ ಡಿಜಿಲಾಕರೋ ಅಂತ.

"ನನಗ ಮೊದ್ಲು ಪ್ರಿಂಟ್ ಕೊಡ್ರಿ," ಅಂದ್ರು ಮಾವನೋರು, "ಆಮ್ಯಾಲೆ ಕ್ಲೌಡಿಗರ ಹಾಕ್ರಿ, ಬಾವಿಗರ ಹಾಕ್ರಿ."